ಡ್ರಿಲ್ ಮಷಿನ್, ಪೆಟ್ರೋಲ್, ಹೆಲ್ಪರ್ ಕೂಲಿ: ಎಲೆಕ್ಟ್ರಿಷಿಯನ್ ಆಗಿ ನಾನು ಐಟಿ ರಿಟರ್ನ್ ಹಾಕಿದ್ದು

2025ರ ಫೆಬ್ರವರಿ. ಸೆಕೆಂಡ್ ಹ್ಯಾಂಡ್ ಗೂಡ್ಸ್ ಆಟೋ ಕೊಳ್ಳೋಣ ಅಂತ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದೆ. ಪೈಪು, ಏಣಿ, ವೈರ್ ಬಂಡಲ್ ಎಲ್ಲ ಬಾಡಿಗೆ ಗಾಡಿಯಲ್ಲಿ ಸಾಗಿಸಿ ಸಾಕಾಗಿತ್ತು. ಮೇಡಂ ನನ್ನ ಹಿಂದಿನ ವರ್ಷದ ರಿಟರ್ನ್ ನೋಡಿದರು, ಕ್ಯಾಲ್ಕುಲೇಟರ್ ಒತ್ತಿದರು, ಅದನ್ನು ನನ್ನ ಕಡೆ ತಿರುಗಿಸಿದರು. 6,080 ಅಂತ ಇತ್ತು. "ನಿಮ್ಮ ತಿಂಗಳ ಆದಾಯ ಇದು. ಇದರಲ್ಲಿ ಸಂಸಾರ ನಡೆಸಿ ಕಂತು ಹೇಗೆ ಕಟ್ತೀರಿ?" ಅಂದರು. ಅವರು ವ್ಯಂಗ್ಯವಾಗಿ ಕೇಳಲಿಲ್ಲ, ನಿಜವಾಗಿಯೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತುಮಕೂರಿನಲ್ಲಿ 14 ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಒಬ್ಬ ಖಾಯಂ ಹೆಲ್ಪರ್ ಇದ್ದಾನೆ, ಕೆಲಸ ಜಾಸ್ತಿ ಇದ್ದಾಗ ಇನ್ನೊಬ್ಬ ಬರುತ್ತಾನೆ. ಮನೆ ಕೆಲಸ, ರಿಪೇರಿ ಎಲ್ಲ ಇದ್ದೇ ಇರುತ್ತದೆ. ಮೂರು ವರ್ಷದಿಂದ ಒಬ್ಬ ಬಿಲ್ಡರ್ ಹತ್ತಿರ ಲೇಬರ್ ಕಾಂಟ್ರಾಕ್ಟ್ ಕೂಡ ಮಾಡುತ್ತಿದ್ದೇನೆ. ಅವರು ಪ್ರತಿ ಬಿಲ್ಲಿನಲ್ಲೂ 1 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತಾರೆ. ಅದು ಸೆಕ್ಷನ್ 194ಸಿ. ಒಂದೇ ಬಿಲ್ 30,000 ದಾಟಿದರೆ ಅಥವಾ ವರ್ಷಕ್ಕೆ ಒಟ್ಟು 1 ಲಕ್ಷ ದಾಟಿದರೆ, ನಮ್ಮಂಥ ಒಬ್ಬ ವ್ಯಕ್ತಿಗೆ ಕೊಡುವ ಹಣದಲ್ಲಿ 1 ಪರ್ಸೆಂಟ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಪ್ಯಾನ್ ಕೊಡದಿದ್ದರೆ 20 ಪರ್ಸೆಂಟ್. ಆ ದುಡ್ಡು ವಾಪಸ್ ಬರಬೇಕಾದರೆ ರಿಟರ್ನ್ ಹಾಕಬೇಕು. ನಾನು ರಿಟರ್ನ್ ಶುರು ಮಾಡಿದ್ದೇ ಅದಕ್ಕೆ.

ಹಿಂದಿನ ವರ್ಷ ಫಾರಂ ತುಂಬಿಸುವ ಒಂದು ಅಂಗಡಿಗೆ ಹೋಗಿ ಹಾಕಿಸಿದ್ದೆ. ಆತ ಒಟ್ಟು ಬಂದ ದುಡ್ಡು ಎಷ್ಟು ಅಂತ ಕೇಳಿದ. 9,12,000 ಅಂದೆ. ಅದರ 8 ಪರ್ಸೆಂಟ್, ಅಂದರೆ 72,960 ಅಂತ ಹೊಡೆದು ಐದೇ ನಿಮಿಷದಲ್ಲಿ ಮುಗಿಸಿದ. ಟಿಡಿಎಸ್ ವಾಪಸ್ ಬಂತು. ಆದಾಯ ಕಡಿಮೆ ತೋರಿಸಿದಷ್ಟೂ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ಲೈನಿನಲ್ಲಿ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಬ್ಯಾಂಕಿನಿಂದ ಹೊರಗೆ ಬಂದು ಬೈಕ್ ಹತ್ತಿರ ನಿಂತಾಗ ಮೊದಲ ಸಲ ಯೋಚನೆ ಮಾಡಿದೆ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗೆ ತೆರಿಗೆಯೇ ಇರಲಿಲ್ಲ. 87ಎ ರಿಬೇಟ್, ಅಂದರೆ ಬಂದ ತೆರಿಗೆಯನ್ನೇ ಮನ್ನಾ ಮಾಡುವ ರಿಯಾಯಿತಿ, ಸಿಗುತ್ತಿತ್ತು. ನಿಜವಾದ ಆದಾಯ ತೋರಿಸಿದ್ದರೂ ತೆರಿಗೆ ಸೊನ್ನೆ, ರಿಫಂಡ್ ಅಷ್ಟೇ. ಹಾಗಾದರೆ 72,960 ಅಂತ ಬರೆಸಿ ನನಗೆ ಸಿಕ್ಕಿದ್ದೇನು? ಏನೂ ಇಲ್ಲ. ಹೋಗಿದ್ದು ಮಾತ್ರ ಒಂದು ಸಾಲ. ತಿದ್ದುಪಡಿ ರಿಟರ್ನ್ ಹಾಕುವ ಅವಧಿಯೂ ಜನವರಿ 15ಕ್ಕೇ ಮುಗಿದಿತ್ತು.

ಈ ಸಲ ಸರಿಯಾಗಿ ಮಾಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ನಾನು ವೈರಿಂಗ್ ಮಾಡಿಕೊಟ್ಟ ಒಂದು ಮನೆಯ ಹುಡುಗಿ ಲೆಕ್ಕಪರಿಶೋಧಕರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಹತ್ತಿರ ಹೋಗಿ ಪೆಟ್ರೋಲು, ಟೂಲ್ಸು, ಕೂಲಿ ಎಲ್ಲ ಖರ್ಚು ಕಳೆಯಬಹುದಂತಲ್ಲ, ಹೇಗೆ ಅಂತ ಕೇಳಿದೆ. "ಅಣ್ಣಾ, ಮೊದಲು ಲೆಕ್ಕ ತನ್ನಿ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಬಂದಿದ್ದು ಒಂದು ಕಡೆ, ಹೋಗಿದ್ದು ಒಂದು ಕಡೆ. ಆಮೇಲೆ ಮಾತಾಡೋಣ" ಅಂದಳು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ತುಂಬಾ ಜನ ಕೇಳುತ್ತಾರೆ. ನನ್ನ ಗೆಳೆಯ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಎಲೆಕ್ಟ್ರಿಷಿಯನ್. ಸಂಬಳದ ಕೆಲಸ. ತಾನು ಕೊಂಡ ಮಲ್ಟಿಮೀಟರ್, ಸೇಫ್ಟಿ ಶೂ ಇವೆಲ್ಲ ಸಂಬಳದಲ್ಲಿ ಕಳೆಯಬಹುದಾ ಅಂತ ಅವನೂ ಕೇಳಿದ. ಆಗುವುದಿಲ್ಲ. ಸಂಬಳದವರಿಗೆ ಒಂದೊಂದೇ ಖರ್ಚು ತೋರಿಸಿ ಕಳೆಯುವ ದಾರಿ ಇಲ್ಲ, ಎಲ್ಲದಕ್ಕೂ ಸೇರಿ ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ ಒಂದು ಮೊತ್ತ ಇದೆ. ಹೊಸ ಪದ್ಧತಿಯಲ್ಲಿ 75,000, ಹಳೆಯದರಲ್ಲಿ 50,000. ಬಿಲ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮುಂದೆ ನಾನು ಹೇಳುವುದೆಲ್ಲ ಸ್ವಂತಕ್ಕೆ ಕೆಲಸ ಮಾಡುವವರ ವಿಷಯ.

ಸರಿ, ಬಿಲ್ಲುಗಳು. ನನ್ನ ಬಿಲ್ಲುಗಳೆಲ್ಲ ಮೂರು ಜಾಗದಲ್ಲಿದ್ದವು. ಟೂಲ್ಸ್ ಬ್ಯಾಗಿನ ಸೈಡ್ ಜೇಬು, ಬೈಕಿನ ಸೀಟಿನ ಕೆಳಗೆ, ಮನೆಯಲ್ಲಿ ಟಿವಿ ಹಿಂದೆ ಒಂದು ಕವರ್. ಎಲ್ಲ ತಂದು ನೆಲದ ಮೇಲೆ ಹರಡಿದೆ. ಸೀಟಿನ ಕೆಳಗಿದ್ದ ಪೆಟ್ರೋಲ್ ಬಂಕಿನ ಚೀಟಿಗಳು ಪೂರ್ತಿ ಬೆಳ್ಳಗಾಗಿದ್ದವು. ಬಿಸಿಲಿಗೂ ಇಂಜಿನ್ ಕಾವಿಗೂ ಆ ನುಣುಪು ಕಾಗದದ ಅಕ್ಷರ ಉಳಿಯುವುದಿಲ್ಲ. ಲೈಟಿಗೆ ಹಿಡಿದು ಓರೆ ಮಾಡಿ ನೋಡಿದೆ. ಎರಡರಲ್ಲಿ ಮಾತ್ರ ತಾರೀಖಿನ ಗುರುತು ಕಾಣಿಸಿತು, ಉಳಿದವು ಖಾಲಿ ಕಾಗದ. ಅಂಗಡಿಯ ಪಿಂಕ್ ಕಾರ್ಬನ್ ಬಿಲ್ಲುಗಳು ಮಾತ್ರ ಚೆನ್ನಾಗಿದ್ದವು. ಕೆಲವಕ್ಕೆ ಗ್ರೀಸ್ ಹತ್ತಿತ್ತು, ಆದರೂ ಓದಬಹುದಿತ್ತು.

ಆಗ ಕೈ ಹಿಡಿದದ್ದು ಯುಪಿಐ. ಬ್ಯಾಂಕ್ ಸ್ಟೇಟ್‌ಮೆಂಟ್ ಪಿಡಿಎಫ್ ಇಳಿಸಿಕೊಂಡು ಹೆಂಡತಿಯನ್ನು ಜೊತೆಗೆ ಕೂರಿಸಿಕೊಂಡೆ. ಅವಳು ಒಂದೊಂದೇ ಸಾಲು ಓದುತ್ತಿದ್ದಳು, ನಾನು "ಇದು ಬಟವಾಡಿ ಮನೆ ಅಡ್ವಾನ್ಸ್", "ಇದು ಶಿರಾ ಗೇಟ್ ಅಂಗಡಿಗೆ ಸ್ವಿಚ್ ದುಡ್ಡು", "ಇದು ಮಗನ ಫೀಸ್, ಬಿಡು" ಅಂತ ಹೇಳುತ್ತಿದ್ದೆ. ಮೂರು ರಾತ್ರಿ ಹಿಡಿಯಿತು. ನಗದು ಬಂದಿದ್ದನ್ನು ನನ್ನ ಪಾಯಿಂಟ್ ಲೆಕ್ಕದ ಡೈರಿಯಿಂದ ತೆಗೆದೆ. ಪಾರ್ಟಿ ಹೆಸರು, ಎಷ್ಟು ಪಾಯಿಂಟ್ (ಲೈಟ್, ಫ್ಯಾನ್, ಪ್ಲಗ್ ಜಾಗ), ಎಷ್ಟು ಬಂತು, ಎಷ್ಟು ಬಾಕಿ ಅಂತ ಮೊದಲಿಂದಲೂ ಬರೆಯುವ ಅಭ್ಯಾಸ ಇದ್ದದ್ದು ಒಳ್ಳೆಯದಾಯಿತು. ಒಟ್ಟು ಬಂದದ್ದು 10,60,000. ಬಿಲ್ಡರ್ ಕಡೆಯಿಂದ 5,84,000, ಉಳಿದ 4,76,000 ಮನೆಗಳಿಂದ. ಬ್ಯಾಂಕ್, ಯುಪಿಐ ಮೂಲಕ 8,25,000 ಬಂದಿತ್ತು, ನಗದು 2,35,000. ಈ ಕೊನೆಯ ಲೆಕ್ಕ ಯಾಕೆ ಬೇಕು ಅಂತ ಆಮೇಲೆ ಗೊತ್ತಾಯಿತು.

ಖರ್ಚಿನಲ್ಲಿ ದೊಡ್ಡದು ಕೂಲಿ. ಖಾಯಂ ಹುಡುಗನಿಗೆ ದಿನಕ್ಕೆ 700ರಂತೆ 240 ದಿನ, 1,68,000. ಇನ್ನೊಬ್ಬನಿಗೆ ವರ್ಷದಲ್ಲಿ 72,000. ಮೊದಲನೆಯವನಿಗೆ ಯುಪಿಐ ಮಾಡಿದ್ದೆ, ಎರಡನೆಯವನಿಗೆ ವಾರ ವಾರ ನಗದು. ಹೀಗೆ ನಗದು ಕೊಟ್ಟಾಗ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಸಹಿ ಮಾಡಿಸಿಕೊಳ್ಳಿ ಅಂದಳು ಆ ಲೆಕ್ಕದ ಹುಡುಗಿ. ಈಗ ಮಾಡಿಸುತ್ತಿದ್ದೇನೆ. ಹುಡುಗರಿಗೂ ಒಳ್ಳೆಯದೇ ಅಲ್ವಾ, ಎಷ್ಟು ಬಂತು ಎಷ್ಟು ಬಾಕಿ ಅಂತ ಇಬ್ಬರಿಗೂ ಗೊತ್ತಿರುತ್ತದೆ.

ಮೆಟೀರಿಯಲ್ 2,18,500. ಹೆಚ್ಚಿನ ಕೆಲಸಗಳಲ್ಲಿ ಮನೆಯವರೇ ವೈರು, ಸ್ವಿಚ್ಚು ತಂದುಕೊಡುತ್ತಾರೆ. ಕೆಲವರು ಮಾತ್ರ "ಎಲ್ಲ ನೀವೇ ಹಾಕಿ" ಅನ್ನುತ್ತಾರೆ. ಅಂಥ ಕೆಲಸಗಳ ಲೆಕ್ಕ ಇದು. ಒಂದು ದಿನ ಅಂಗಡಿಗೆ 18,400 ನಗದು ಕೊಟ್ಟಿದ್ದೆ. ಆ ಬಿಲ್ ನೋಡಿ ಅವಳು ನಿಂತಳು. ಪೂರ್ತಿ ಲೆಕ್ಕ ಬರೆದು ಖರ್ಚು ಕ್ಲೈಮ್ ಮಾಡುವ ದಾರಿಯಲ್ಲಿ, ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲವಂತೆ. ಸೆಕ್ಷನ್ 40ಎ(3). ಬಿಲ್ ಅಸಲಿ, ಮಾಲೂ ಅಸಲಿ, ಆದರೂ ಇಲ್ಲ. ನನಗೆ ಹೊಟ್ಟೆ ಉರಿಯಿತು. ನಾನು ಆರಿಸಿಕೊಂಡ ದಾರಿಯಲ್ಲಿ ಅದು ಅಡ್ಡ ಬರಲಿಲ್ಲ, ಆದರೆ ಅವತ್ತಿನಿಂದ ದೊಡ್ಡ ಬಿಲ್ ಎಲ್ಲ ಬ್ಯಾಂಕ್ ಮೂಲಕವೇ ಕೊಡುತ್ತಿದ್ದೇನೆ.

ಪೆಟ್ರೋಲ್ ವಿಷಯದಲ್ಲಿ ಸ್ವಲ್ಪ ವಾದ ಆಯಿತು. ವರ್ಷಕ್ಕೆ 46,800 ಆಗಿತ್ತು. ನಾನು ಅಷ್ಟನ್ನೂ ಬರೆದಿದ್ದೆ. "ಭಾನುವಾರ ಅತ್ತೆ ಮನೆಗೆ ಗುಬ್ಬಿಗೆ ಹೋಗೋದು ಈ ಬೈಕಿನಲ್ಲೇ ಅಲ್ವಾ ಅಣ್ಣಾ?" ಅಂತ ಕೇಳಿದಳು. ಹೌದು. ಮಗನನ್ನು ಸ್ಕೂಲಿಗೆ ಬಿಡುವುದೂ ಇದರಲ್ಲೇ. ಒಂದೇ ಗಾಡಿ ಮನೆಗೂ ಕೆಲಸಕ್ಕೂ ಇದ್ದರೆ ಕೆಲಸದ ಪಾಲು ಮಾತ್ರ ತೆಗೆದುಕೊಳ್ಳಬೇಕು. ಎರಡು ವಾರ ಮೀಟರ್ ಬರೆದಿಟ್ಟು ನೋಡಿದೆ. ನಾಲ್ಕರಲ್ಲಿ ಮೂರು ಪಾಲು ಕೆಲಸಕ್ಕೆ ಓಡಿತ್ತು. ಹಾಗಾಗಿ 35,100. ಸರ್ವೀಸು, ಇನ್ಶೂರೆನ್ಸು 7,200 ಆಗಿತ್ತು, ಅದರಲ್ಲೂ ಅದೇ ಲೆಕ್ಕಕ್ಕೆ 5,400. ಫೋನ್ ರೀಚಾರ್ಜ್ ಅರ್ಧ, 1,800. ಗೂಡ್ಸ್ ಆಟೋ ಬಾಡಿಗೆ 8,300. ಹಿಂದಿನ ರಿಟರ್ನಿಗೆ ಕೊಟ್ಟ ಫೀಸ್ 1,500 ಕೂಡ ವ್ಯವಹಾರದ ಖರ್ಚೇ.

ಟೂಲ್ಸ್‌ನಲ್ಲಿ ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಕಟಿಂಗ್ ವೀಲ್, ಡ್ರಿಲ್ ಬಿಟ್, ಟೇಪು, ಟೆಸ್ಟರು, ರಬ್ಬರ್ ಗ್ಲೌಸು, ಸೇಫ್ಟಿ ಶೂ ಇಂಥವೆಲ್ಲ ಸೇರಿ 17,900. ಇವು ಸವೆದು ಹೋಗುವ ಸಾಮಾನು, ಪೂರ್ತಿ ಖರ್ಚು. ಆದರೆ ನವೆಂಬರಿನಲ್ಲಿ 9,800 ಕೊಟ್ಟು ಒಂದು ಹ್ಯಾಮರ್ ಡ್ರಿಲ್ ಕೊಂಡಿದ್ದೆ. ಅದನ್ನೂ ಅದೇ ಪಟ್ಟಿಗೆ ಸೇರಿಸಿದ್ದೆ. ಅವಳು ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ 735 ಅಂತ ಬರೆದಳು. ಕೊಟ್ಟದ್ದು 9,800, ಸಿಗುವುದು 735! ಮಷಿನ್ ಅಂದರೆ ಹಲವು ವರ್ಷ ಬಾಳುವ ಆಸ್ತಿ, ಅದಕ್ಕೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ ಅಂತ ಮಾತ್ರ ಕಳೆಯಬೇಕು. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲೂ ಅರ್ಧ. ನವೆಂಬರಿನಲ್ಲಿ ಕೊಂಡದ್ದಕ್ಕೆ ಏಳೂವರೆ ಪರ್ಸೆಂಟ್. ಉಳಿದ 9,065ರ ಮೇಲೆ ಮುಂದಿನ ವರ್ಷ 15. ಹೀಗೇ ಇಳಿಯುತ್ತಾ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಕೊಂಡಿದ್ದರೆ ಮೊದಲ ವರ್ಷವೇ 1,470 ಸಿಗುತ್ತಿತ್ತು. ಮಷಿನ್ ಕೊಳ್ಳುವ ಯೋಚನೆ ಇದ್ದರೆ ಅಕ್ಟೋಬರ್ ಮೊದಲ ದಿನಗಳ ಒಳಗೇ ಕೊಂಡು ಕೆಲಸಕ್ಕೆ ಹಚ್ಚಿ. ಬೈಕಿಗೂ ಸವಕಳಿ ಇದೆ. 60,000 ಉಳಿಕೆ ಬೆಲೆ, ಅದರ 15 ಪರ್ಸೆಂಟ್ 9,000, ಕೆಲಸದ ಪಾಲು 6,750.

ಬರದೇ ಇದ್ದವು ಇನ್ನೂ ಕೆಲವು. ನನ್ನ ಮಧ್ಯಾಹ್ನದ ಊಟ ಬರುವುದಿಲ್ಲ, ಅದು ಸ್ವಂತ ಖರ್ಚು. ಹುಡುಗರಿಗೆ ಕೊಡಿಸುವ ಟೀ ಬರುತ್ತದೆ, ಅದು ಕೆಲಸಗಾರರ ಖರ್ಚು. ಕೆಲಸಕ್ಕೆ ಅಂತಲೇ ಎತ್ತಿಟ್ಟಿರುವ ಹಳೆ ಪ್ಯಾಂಟು ಶರ್ಟು ಬರುವುದಿಲ್ಲ, ಹೊರಗೆ ಹಾಕಬಹುದಾದ ಬಟ್ಟೆ ಯಾರಾದರೂ ಕೊಳ್ಳುತ್ತಾರೆ. ಕ್ಯಾತ್ಸಂದ್ರದ ಸೈಟಿಗೆ ಹೋಗುವಾಗ ಹೆಲ್ಮೆಟ್ ಇಲ್ಲದ್ದಕ್ಕೆ 500 ದಂಡ ಕಟ್ಟಿದ್ದೆ. ಕೆಲಸಕ್ಕೆ ಹೋಗುವಾಗಲೇ ಆದದ್ದಾದರೂ, ಕಾನೂನು ಮುರಿದು ಕಟ್ಟಿದ ದಂಡ ಖರ್ಚಾಗಿ ಬರುವುದಿಲ್ಲ. ಇದೆಲ್ಲ ನ್ಯಾಯವಾಗಿಯೇ ಇದೆ ಅಂತ ನನಗೆ ಅನ್ನಿಸಿತು. ಆ ಖರ್ಚು ಕೆಲಸಕ್ಕೆ ಮಾತ್ರ ಆಗಿದ್ದಾ ಅಂತ ಅವಳು ಪ್ರತಿ ಬಿಲ್ಲಿಗೂ ಕೇಳುತ್ತಿದ್ದಳು, ಕೊನೆಕೊನೆಗೆ ಅವಳು ಕೇಳುವ ಮೊದಲೇ ನಾನೇ ಬೇರೆ ಮಾಡಿ ಇಡುತ್ತಿದ್ದೆ.

ಕೂಡಿ ಹಾಕಿದಾಗ ಖರ್ಚು 5,35,985. ಉಳಿದದ್ದು 5,24,015. ಆ ಅಂಕಿಯನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. 14 ವರ್ಷದಲ್ಲಿ ನನ್ನ ದುಡಿಮೆ ವರ್ಷಕ್ಕೆ ಇಷ್ಟು ಅಂತ ಸರಿಯಾಗಿ ಗೊತ್ತಾದದ್ದು ಇದೇ ಮೊದಲು.

ಇಷ್ಟರಲ್ಲಿ ಟಿಡಿಎಸ್ ತೊಂದರೆ ಬಂತು. ಜೂನ್‌ನಲ್ಲಿ ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ 26ಎಎಸ್, ಅಂದರೆ ನಮ್ಮ ಪ್ಯಾನ್‌ಗೆ ಜಮಾ ಆದ ಟಿಡಿಎಸ್ ಪಟ್ಟಿ, ತೆರೆದು ನೋಡಿದರೆ 4,310 ಮಾತ್ರ ಇದೆ. ನನ್ನ ಬಿಲ್ಲುಗಳ ಪ್ರಕಾರ 5,840 ಇರಬೇಕು. ಜನವರಿಯಿಂದ ಮಾರ್ಚ್‌ವರೆಗಿನ 1,530 ಕಾಣಿಸುತ್ತಿಲ್ಲ. ಬಿಲ್ಡರ್ ಆಫೀಸಿಗೆ ಫೋನ್ ಮಾಡಿದರೆ ಕಟ್ಟಿದ್ದೇವೆ ಅಂದರು. ಕಟ್ಟಿದ್ದು ನಿಜವೇ, ಆದರೆ ಆ ಮೂರು ತಿಂಗಳ ಲೆಕ್ಕದಲ್ಲಿ ನನ್ನ ಪ್ಯಾನ್‌ನ ಒಂದು ಅಕ್ಷರ ತಪ್ಪಾಗಿತ್ತು. ಅವರು ತಿದ್ದುಪಡಿ ಸ್ಟೇಟ್‌ಮೆಂಟ್ ಹಾಕಬೇಕು, ನಾವು ಏನೂ ಮಾಡಲು ಆಗುವುದಿಲ್ಲ. ನಾಲ್ಕು ಸಲ ಹೋಗಿ ಬಂದೆ. ಕೊನೆಗೆ ಪ್ಯಾನ್ ಕಾರ್ಡಿನ ಜೆರಾಕ್ಸ್ ಮೇಲೆ ಕೆಂಪು ಪೆನ್ನಿನಲ್ಲಿ ಆ ಅಕ್ಷರಕ್ಕೆ ಸುತ್ತು ಹಾಕಿ ಅಲ್ಲಿನ ಹುಡುಗನ ಟೇಬಲ್ ಮೇಲೆ ಅಂಟಿಸಿ ಬಂದೆ. ಮೂರು ವಾರದ ಮೇಲೆ ಸರಿಹೋಯಿತು. ದಯವಿಟ್ಟು 26ಎಎಸ್ ನೋಡದೆ ರಿಟರ್ನ್ ಹಾಕಬೇಡಿ. ನಮ್ಮ ಆದಾಯ, ವ್ಯವಹಾರದ ಮಾಹಿತಿ ತೋರಿಸುವ ಎಐಎಸ್ ಅಂತ ಇನ್ನೊಂದು ಪಟ್ಟಿ ಇದೆ, ಅದನ್ನೂ ನೋಡಿ.

ಆ ವರ್ಷ ಕೊನೆ ದಿನಾಂಕವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೆ ಹಾಕಿದ್ದರು. ನಾವು ಆಗಸ್ಟ್ 9ರಂದು ಕೂತೆವು. ನಾವು ಹಾಕಿದ ರಿಟರ್ನ್ ಫಾರಂ ಐಟಿಆರ್-4, ಅದಕ್ಕೆ ಸುಗಮ್ ಅಂತ ಹೆಸರು. ನಾನು ಖರ್ಚಿನ ಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ, ಪೆಟ್ರೋಲ್ ಕಾಲಂ ಯಾವಾಗ ಬರುತ್ತದೆ ಅಂತ. ಬರಲೇ ಇಲ್ಲ. ಟೂಲ್ಸ್ ಕಾಲಂ ಇಲ್ಲ, ಕೂಲಿ ಕಾಲಂ ಇಲ್ಲ. ಮೂರು ರಾತ್ರಿ ಕೂತು ಮಾಡಿದ ಲೆಕ್ಕಕ್ಕೆ ಜಾಗವೇ ಇಲ್ಲವಾ ಅಂತ ಬೇಜಾರಾಯಿತು. ಸ್ವಲ್ಪ ಜೋರಾಗಿಯೇ ಕೇಳಿದೆ ಅನ್ನಿಸುತ್ತದೆ.

ಅವಳು ಮೌಸ್ ಬಿಟ್ಟು ನನ್ನ ಕಡೆ ತಿರುಗಿ ವಿವರಿಸಿದಳು. ದಾರಿ ಎರಡು. ಒಂದು, ಪುಸ್ತಕ ಇಟ್ಟು, ಐಟಿಆರ್-3ರಲ್ಲಿ ಒಂದೊಂದು ಖರ್ಚನ್ನೂ ತೋರಿಸಿ ಲಾಭ ಹೇಳುವುದು. ಇನ್ನೊಂದು ಸೆಕ್ಷನ್ 44ಎಡಿ. ಸಣ್ಣ ವ್ಯವಹಾರದವರು ದೊಡ್ಡ ಪುಸ್ತಕ ಇಡುವ ಕಷ್ಟ ಬೇಡ ಅಂತ ಮಾಡಿದ್ದು. ಅಲ್ಲಿ ನಗದು ಬಂದದ್ದರಲ್ಲಿ ಕನಿಷ್ಠ 8 ಪರ್ಸೆಂಟ್, ಬ್ಯಾಂಕ್ ಮತ್ತು ಯುಪಿಐ ಮೂಲಕ ಬಂದದ್ದರಲ್ಲಿ ಕನಿಷ್ಠ 6 ಪರ್ಸೆಂಟ್ ಲಾಭ ಅಂತ ಹಿಡಿಯುತ್ತಾರೆ. ಉಳಿದದ್ದರಲ್ಲಿ ಎಲ್ಲ ಖರ್ಚು, ಸವಕಳಿ ಕೂಡ, ಆಗಲೇ ಕಳೆದ ಹಾಗೆ. ಅದಕ್ಕೇ ಬೇರೆ ಕಾಲಂ ಇಲ್ಲ. ನನ್ನ ಲೆಕ್ಕಕ್ಕೆ ಆ ಕನಿಷ್ಠ 68,300 ಆಗುತ್ತಿತ್ತು. ಹಿಂದಿನ ವರ್ಷದ ಅಂಗಡಿಯಾತ ಎಲ್ಲವನ್ನೂ ನಗದು ಅಂತಲೇ ಹಾಕಿ 8 ಪರ್ಸೆಂಟ್ ಹೊಡೆದಿದ್ದ.

"ಆದರೆ ಈ ಸಾಲು ಓದಿ" ಅಂತ ಸ್ಕ್ರೀನ್ ಮೇಲೆ ಬೆರಳಿಟ್ಟಳು. 8 ಪರ್ಸೆಂಟ್ ಅಥವಾ ನೀವು ಗಳಿಸಿದೆ ಎನ್ನುವ ಮೊತ್ತ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು ಅಂತ ಇತ್ತು. ಅಂದರೆ 8 ಮತ್ತು 6 ಕನಿಷ್ಠ ಮಿತಿ ಮಾತ್ರ. ನಮ್ಮದು ಮುಖ್ಯವಾಗಿ ಕೈಕೆಲಸ, ಲೇಬರ್. ನೂರು ರೂಪಾಯಿಗೆ ತೊಂಬತ್ತೆರಡು ಖರ್ಚಾಗುವ ವ್ಯವಹಾರ ಅಲ್ಲ. ನನ್ನದು ಎಷ್ಟು ಖರ್ಚು, ಎಷ್ಟು ಉಳಿಕೆ ಅಂತ ಹೇಳುವುದು ಆ ಮೂರು ರಾತ್ರಿಯ ಲೆಕ್ಕವೇ. ಅದರಿಂದ ಬಂದ 5,24,015 ಅನ್ನೇ ಆ ಕಾಲಂನಲ್ಲಿ ಬರೆಸಿದೆ. ತೆರಿಗೆ 11,000 ಚಿಲ್ಲರೆ ಬಂತು, 87ಎ ರಿಬೇಟಿನಲ್ಲಿ ಪೂರ್ತಿ ಹೋಗಿ ಸೊನ್ನೆಯಾಯಿತು. ರಿಫಂಡ್ 5,840. ಆಮೇಲೆ ಮಾರ್ಚ್ 31ಕ್ಕೆ ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಮನೆಯಲ್ಲಿ ಉಳಿದ ಮಾಲು ಎಷ್ಟು, ಕೈಯಲ್ಲಿ ನಗದು ಎಷ್ಟು ಅಂತ ಕೇಳುತ್ತದೆ. ಆಧಾರ್ ಒಟಿಪಿ ಹಾಕಿ ಅಲ್ಲೇ ವೆರಿಫೈ ಮಾಡಿದೆವು. 30 ದಿನದೊಳಗೆ ಅದು ಆಗಲೇಬೇಕು, ಇಲ್ಲದಿದ್ದರೆ ಸರಿಯಾದ ತಾರೀಖಿಗೆ ಹಾಕಿದ ಹಾಗೆ ಆಗುವುದಿಲ್ಲ.

ಖರ್ಚೇ ಜಾಸ್ತಿಯಾಗಿ ಉಳಿಕೆ 6-8 ಪರ್ಸೆಂಟಿಗಿಂತ ಕಡಿಮೆ ಇರುವವರು, ಅಂದರೆ ಮೆಟೀರಿಯಲ್ ಸಮೇತ ದೊಡ್ಡ ಕಾಂಟ್ರಾಕ್ಟ್ ಹಿಡಿಯುವವರು, ಮೊದಲೇ ಕೇಳಿ ತಿಳಿದುಕೊಳ್ಳಿ. 44ಎಡಿಗೆ ಒಮ್ಮೆ ಹೋಗಿ ಐದು ವರ್ಷದೊಳಗೆ ಹೊರಗೆ ಬಂದರೆ ಮುಂದಿನ ಐದು ವರ್ಷ ಮತ್ತೆ ಒಳಗೆ ಹೋಗಲು ಆಗುವುದಿಲ್ಲ, ಆಡಿಟ್ ಕೂಡ ಬರಬಹುದು. ಇನ್ನೊಂದು, ನಾನು ಹೇಳಿದ ಸೆಕ್ಷನ್ ನಂಬರ್‌ಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅದರಲ್ಲಿ ನಂಬರ್‌ಗಳು ಬೇರೆ. ರಿಬೇಟ್ ಕೂಡ 2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಸಿಗುತ್ತದೆ. ನಮ್ಮ ಲೈನಿನ ಹೆಚ್ಚಿನವರಿಗೆ ಆದಾಯ ಮುಚ್ಚಿಡುವ ಕಾರಣವೇ ಇಲ್ಲ.

ಸೆಪ್ಟೆಂಬರ್ 3ಕ್ಕೆ ಬಿಲ್ಡರ್ ಸೈಟಿನಲ್ಲಿ ಡಿಬಿ (ಕರೆಂಟ್ ಹಂಚುವ ಬಾಕ್ಸ್) ಕೂರಿಸುತ್ತಿದ್ದಾಗ ಮೆಸೇಜ್ ಬಂತು. 5,840, ಜೊತೆಗೆ ತಿಂಗಳಿಗೆ ಅರ್ಧ ಪರ್ಸೆಂಟ್ ಲೆಕ್ಕದ ಸ್ವಲ್ಪ ಬಡ್ಡಿ. ಅದೇ ವಾರ ಮತ್ತೆ ಬ್ಯಾಂಕಿಗೆ ಹೋದೆ. ಅದೇ ಮೇಡಂ ಇದ್ದರು. ಹಳೆಯ ವರ್ಷದ 72,960 ಇನ್ನೂ ಅಲ್ಲೇ ಇತ್ತು, ಅದನ್ನು ಅಳಿಸಲು ಆಗುವುದಿಲ್ಲ. ಆದರೆ ಈ ಸಲ ಖರ್ಚಿನ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಯಿಂಟ್ ಡೈರಿ ಎಲ್ಲ ಮುಂದಿಟ್ಟೆ. ಒಂದೊಂದೇ ಪುಟ ತಿರುವಿ ನೋಡಿದರು. ನಾನು ಕೇಳಿದ್ದು 3 ಲಕ್ಷ, ಕೊಟ್ಟದ್ದು 1,80,000. ಉಳಿದದ್ದನ್ನು ಕೈಯಿಂದ ಹಾಕಿದೆ.

ಗಾಡಿಯನ್ನು ಸೆಪ್ಟೆಂಬರ್ 26ಕ್ಕೆ ತಂದು ಅವತ್ತೇ ಪೈಪ್ ಲೋಡ್ ಮಾಡಿದೆ. ಮಾರ್ಚ್ 31ಕ್ಕೆ 187 ದಿನ ಆಗುತ್ತದೆ, ಎಣಿಸಿ ನೋಡಿದ್ದೇನೆ. ಅದರ ಡೀಸೆಲ್ ಚೀಟಿಗಳನ್ನು ಬಂಕಿನಲ್ಲೇ ಫೋಟೋ ತೆಗೆಯುತ್ತೇನೆ, ಅಕ್ಷರ ಮಾಸುವ ಮೊದಲು. ಆ ಗಾಡಿಯಲ್ಲಿ ಮನೆಯವರು ಎಲ್ಲಿಗೂ ಹೋಗುವುದಿಲ್ಲ, ಹಾಗಾಗಿ ಆ ಲೆಕ್ಕವನ್ನು ಪಾಲು ಮಾಡುವ ಕೆಲಸವೂ ಇಲ್ಲ.